ಕೌದಿಯ ಹೊಟ್ಟೆಯೊಳಗಿನ ಪದ್ಯ

ಬಿಬವೇವಾಡಿಯ ಕೃಷ್ಣಾಬಾಯಿಗೆ ಚಳಿಗಾಲ ಬಂತೆಂದರೆ ಎರಡು ಚಾಳಿ. ಒಂದು ಊರಿಗೆಲ್ಲ ಗೊತ್ತು, ಇನ್ನೊಂದು ಕಟ್ಟಿಕೊಂಡ ಗಂಡನಿಗೂ ಗೊತ್ತಿಲ್ಲ.

ಗೊತ್ತಿರುವುದು ಕೌದಿ ಹೊಲಿಯುವ ಚಾಳಿ. ಗಂಡಸರು ಕಿವಿಗೆ ಮಫ್ಲರ್ ಸುತ್ತಿಕೊಂಡು ಹಾಲು ತರಲು ಹೊರಟರೆಂದರೆ ಈಕೆ ಟ್ರಂಕು ತೆಗೆದು, ಹಳೆಯ ಸೀರೆ, ಧೋತರ, ಮಗಳ ಸಣ್ಣಂದಿನ ಫ್ರಾಕುಗಳನ್ನೆಲ್ಲ ಹೊತ್ತುಕೊಂಡು ಟೆರೇಸಿನ ಬಿಸಿಲಿಗೆ ಹೋಗಿ ಕೂತುಬಿಡುತ್ತಾಳೆ. ಶಿವರಾತ್ರಿಯ ತನಕ ಅದೇ ಅವಳ ಠಿಕಾಣಿ. ಊಟಕ್ಕೆ ಕರೆದರೆ, "ಬಂದ್ನಿ, ಇದೊಂದು ಸಾಲು ಮುಗಿಸಿ ಬರ್ತೀನಿ" ಎನ್ನುತ್ತಾಳೆ. ಆ ಒಂದು ಸಾಲು ಮುಗಿಯುವಷ್ಟರಲ್ಲಿ ಗಂಡ ಭುಜಂಗರಾಯರು ತಾವೇ ಬಡಿಸಿಕೊಂಡು ಉಂಡು, ತಾಟು ತೊಳೆದಿಟ್ಟು, ಒಂದು ನಿದ್ದೆಯನ್ನೂ ಹೊಡೆದಿರುತ್ತಾರೆ. ತಳೇಗಾಂವದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರದ ಗದ್ದಲ ಕೇಳಿ ನಿವೃತ್ತರಾದವರು, ಸದ್ದಿಲ್ಲದ ಮಧ್ಯಾಹ್ನ ಸಿಕ್ಕರೆ ಬಿಡುತ್ತಾರೆಯೇ?

ಇನ್ನು ಗೊತ್ತಿಲ್ಲದ ಚಾಳಿ. ಕೃಷ್ಣಾಬಾಯಿ ಪದ್ಯ ಕಟ್ಟುತ್ತಾಳೆ.

ಮದುವೆಯಾದ ಹೊಸತರಲ್ಲಿ, ಧಾರವಾಡದ ಮನೆಯಲ್ಲಿ, ಅರಿಷಿಣ-ಕುಂಕುಮಕ್ಕೆ ಬಂದ ಹೆಂಗಸರು ಒಡಪು ಹಾಕಿ ಗಂಡನ ಹೆಸರು ಹೇಳೆಂದು ದುಂಬಾಲು ಬಿದ್ದಿದ್ದರು. ಬೇರೆ ಸೊಸೆಯರು ಅವ್ವ ಕಲಿಸಿ ಕಳಿಸಿದ್ದನ್ನು ತಲೆ ತಗ್ಗಿಸಿ ಒಪ್ಪಿಸುತ್ತಾರೆ. ಈ ಪುಣ್ಯಾತ್ಗಿತ್ತಿ ನಿಂತಲ್ಲೇ ಹೊಸದೊಂದು ಕಟ್ಟಿದಳು. ಅದರಲ್ಲಿ ಭುಜಂಗರಾಯರ ಹೆಸರಿನ ಜೊತೆ ಅತ್ತೆಯ ಗೊರಕೆಯೂ ಸೇರಿಕೊಂಡಿತು. ಬಂದವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅತ್ತೆ ನಗಲಿಲ್ಲ. "ನಾಲಿಗಿ ಭಾಳ ಉದ್ದ ಆತು" ಎಂದರು, ಅಷ್ಟೇ. ಅಂದಿನಿಂದ ಕೃಷ್ಣಾಬಾಯಿ ನಾಲ್ಕು ಜನರೆದುರು ಒಂದು ಸಾಲು ಪದ್ಯ ಹೇಳಿದವಳಲ್ಲ.

ಹೇಳಲಿಲ್ಲ, ನಿಜ. ಕಟ್ಟುವುದನ್ನೂ ಬಿಟ್ಟಳೆಂದುಕೊಂಡಿರಾ?

ಕೌದಿಯನ್ನು ನಾಲ್ಕೂ ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬರುತ್ತಾರೆ. ಕಡೆಗೆ ನಟ್ಟನಡುವೆ ಅಂಗೈ ಅಗಲದ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಹಸಿದ ಕೌದಿ ಹೊದ್ದವರಿಗೆ ಬೆಚ್ಚಗಾಗುವುದಿಲ್ಲವೆಂದು ಅವಳ ಅವ್ವ ಅಲ್ಲೊಂದು ಚೂರು ಒಣ ರೊಟ್ಟಿ ಇಟ್ಟು ಹೊಲಿದು ಮುಚ್ಚುತ್ತಿದ್ದಳು. ಮಗಳು ರೊಟ್ಟಿಯ ಜೊತೆ ಒಂದು ಚೀಟಿಯನ್ನೂ ಇಡತೊಡಗಿದಳು. ಕೌದಿ ಯಾರಿಗೋ ಅವರ ಮೇಲೆಯೇ ನಾಲ್ಕು ಸಾಲು. ಸೊಸೈಟಿಯ ಸೆಕ್ರೆಟರಿ ಅನಂತರಾಮು ಲಿಫ್ಟಿನ ಬಾಗಿಲಿಗೆ ದಿನಕ್ಕೊಂದು ನೋಟಿಸು ಅಂಟಿಸುವ ಮನುಷ್ಯ. ಅವರ ಕೌದಿಯೊಳಗೆ ನೋಟಿಸಿನ ಪದ್ಯವಿದೆ. ಮೈದುನ ಭೀಮಣ್ಣ ಬಾಯಿ ತೆರೆದರೆ ಬಂಡಲ್ಲು ಬಿಡುತ್ತಾನೆ. ಅವನದರಲ್ಲಿ ಬಂಡಲ್ಲಿನ ಪದ್ಯ. "ವೈನಿ, ನಿಮ್ಮ ಕೌದಿ ಭಾಳ ಬೆಚ್ಚಗದ ನೋಡ್ರಿ" ಎಂದು ಅವನು ಹೊಗಳಿದಾಗೆಲ್ಲ ಕೃಷ್ಣಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡುತ್ತಾಳೆ.

ಸಿಕ್ಕಿಬಿದ್ದರೆ ಗತಿಯೇನೆಂದು ನಕಲು ಇಟ್ಟುಕೊಂಡವಳಲ್ಲ. ಯುಗಾದಿಯ ಹೊತ್ತಿಗೆ ಪದ್ಯ ಅವಳಿಗೇ ಮರೆತಿರುತ್ತಿತ್ತು. ಆಗ ಒಮ್ಮೊಮ್ಮೆ, ಇಷ್ಟು ವರ್ಷ ಕಟ್ಟಿದ್ದರಲ್ಲಿ ಒಂದನ್ನಾದರೂ ಯಾರಾದರೂ ಓದಿ ನಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಸೆಯಾಗುತ್ತಿತ್ತು.

ಈ ಸಲದ ಕೌದಿ ಹೊಸ ಬೀಗತಿಗೆ. ಮಗಳು ವರದಾಳನ್ನು ಸದಾಶಿವ ಪೇಠದ ಅಶ್ವಿತ್‌ಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಅವರು ಉಡುಪಿ ಕಡೆಯ ಹೋಟೆಲಿನವರು. ಅಶ್ವಿತ್‌ನ ತಾಯಿ ಜ್ಯೋತ್ಸ್ನಾ ಒಳ್ಳೆಯ ಹೆಂಗಸೇ, ಆದರೆ ಬಡಿಸುವ ಕೈ ಮಾತ್ರ ದೇವರಿಗೇ ಪ್ರೀತಿ. ಎರಡು ಇಡ್ಲಿ ಇಟ್ಟು ಸೌಟು ಮೇಲೆತ್ತಿ "ಸಾಕಾ?" ಎನ್ನುತ್ತಾಳೆ. ಧಾರವಾಡದ ಕಡೆ ಒಲ್ಲೆ ಒಲ್ಲೆ ಎಂದರೂ ಬಿಡದೆ ಬಡಿಸುವವರ ನಡುವೆ ಬೆಳೆದ ಕೃಷ್ಣಾಬಾಯಿ ಮೂರು ಸಲ ಆ ಮನೆಗೆ ಹೋಗಿ, ಮೂರು ಸಲವೂ ಬಂದು ಮೊಸರನ್ನ ಕಲಸಿಕೊಂಡಿದ್ದಳು. ಇಂಥ ಮಾಲು ಸಿಕ್ಕರೆ ಯಾವ ಕವಿ ಬಿಡುತ್ತಾನೆ? ಸಂಕ್ರಾಂತಿಯ ದಿನ ಕೌದಿಯ ಹೊಟ್ಟೆ ಮುಚ್ಚುವಾಗ, ಹಬ್ಬದ ದಿನವೂ ಇದಕ್ಕೆ ಒಣ ರೊಟ್ಟಿಯೇ ಎಂದು ಕನಿಕರವಾಗಿ, ಒಂದು ಹಿಡಿ ಸಕ್ಕರೆಯ ಕುಸುರೆಳ್ಳು ತುಂಬಿದಳು. ಚೀಟಿಯನ್ನು ಜೊತೆಗೆ ತುರುಕಿದಳು. ಬುದ್ಧಿ ಕೆಟ್ಟದ್ದು ಅಲ್ಲಿಯೇ.

ಕೌದಿ ಬೀಗತಿಯ ಮನೆ ಸೇರಿ ಹತ್ತು ದಿನಕ್ಕೆ ಜ್ಯೋತ್ಸ್ನಾಳ ಫೋನು ಬಂತು.

"ಕೃಷ್ಣಕ್ಕಾ, ಕೌದಿ ಚಂದ ಉಂಟು ಮಾರಾಯ್ರೆ. ಆದ್ರೆ ಅದರ ನಡುವೆ ಇರುವೆ ಸಾಲು ಹಿಡಿದಿದೆ. ಒಳಗೆ ಎಂಥದೋ ಸಿಹಿ ಉಂಟು ಕಾಣ್ತದೆ. ಬಿಚ್ಚಿ ನೋಡ್ಲಾ?"

ಸಕ್ಕರೆಗೆ ಇರುವೆ ಬರುತ್ತದೆಂಬುದು ಅರವತ್ತೈದು ವರ್ಷದ ಗೃಹಿಣಿಗೆ ಹೊಳೆದದ್ದು ಆಗ!

"ಬ್ಯಾಡ್ರಿ!" ಎಂದು ಕೃಷ್ಣಾಬಾಯಿ ಕೂಗಿದ ರಭಸಕ್ಕೆ ಭುಜಂಗರಾಯರು ನಿದ್ದೆಯಿಂದ ಎದ್ದು ಕೂತರು. "ಮುಟ್ಟಬ್ಯಾಡ್ರಿ ಜ್ಯೋತ್ಸ್ನಾ ಅವರ! ಹೊಲಿದಾಕೀನೇ ಬಿಚ್ಚಬೇಕು. ಬ್ಯಾರೆದವರು ಬಿಚ್ಚಿದ್ರ ಮನಿಗೆ ಒಳ್ಳೇದಲ್ಲ. ನಾ ಈಗ ಬಂದೆ!"

ಇಂಥದೊಂದು ಶಾಸ್ತ್ರ ಆ ಗಳಿಗೆಯವರೆಗೆ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ.

ರಿಕ್ಷಾದಲ್ಲಿ ಕೂತು, ಬೇಗ ಹೋಗಪ್ಪಾ ಎಂಬುದನ್ನು ಮರಾಠಿಯಲ್ಲಿ "ಲವಕರ ಚಲಾ, ದಾದಾ" ಎಂದು ಚಾಲಕನ ಪ್ರಾಣ ತಿಂದಳು. ತನ್ನ ಮಾನ ಹೋದರೆ ಹೋಗಲಿ. ಆದರೆ ಬೀಗತಿ ಅದನ್ನು ಓದಿದರೆ, ವರದಾ ಆ ಮನೆಯಲ್ಲಿ ಇನ್ನು ಯಾವ ಮುಖವಿಟ್ಟುಕೊಂಡು ತಾಟಿನ ಮುಂದೆ ಕೂರಬೇಕು? ತನ್ನ ಉದ್ದ ನಾಲಿಗೆಗೆ ಮಗಳು ಬೈಸಿಕೊಳ್ಳಬೇಕೇ? ಅತ್ತೆ ಅಂದದ್ದೇ ಸರಿ ಎಂದು ಮೊದಲ ಸಲ ಅನ್ನಿಸಿ ಅಳು ಬಂತು.

ವರದಾ ಆಫೀಸಿಗೆ ಹೋಗಿದ್ದಳು, ಸದ್ಯ. ಜ್ಯೋತ್ಸ್ನಾ ಪಡಸಾಲೆಯ ನಡುವೆ ಕೌದಿ ಹಾಸಿ, ಕತ್ತರಿ ಇಟ್ಟುಕೊಂಡು ಕಾದಿದ್ದಳು. ಒಂದು ಇರುವೆಯೂ ಕಾಣಲಿಲ್ಲ. ಕೃಷ್ಣಾಬಾಯಿಗೆ ಅದನ್ನೆಲ್ಲ ನೋಡುವ ವ್ಯವಧಾನ ಎಲ್ಲಿತ್ತು? ಬೆನ್ನು ಅಡ್ಡ ಮಾಡಿ ಕೂತು ದಾರ ಕತ್ತರಿಸಿದಳು. ಆದರೆ ಜ್ಯೋತ್ಸ್ನಾ ಮಹಾರಾಯಗಿತ್ತಿ ಸುತ್ತಿ ಬಂದು ಎದುರಿಗೇ ಕುಕ್ಕರುಗಾಲಲ್ಲಿ ಕೂತಳು.

"ಅದೆಂಥ, ಕಾಗದವಾ?"

"ಪ್ರಸಾದರೀ!" ಎಂದವಳೇ ಕೃಷ್ಣಾಬಾಯಿ ಕುಸುರೆಳ್ಳಿನ ಸಮೇತ ಚೀಟಿಯನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು. ಕಾಗದ ಅಂಗುಳಕ್ಕೆ ಅಂಟಿತು, ಕಣ್ಣಲ್ಲಿ ನೀರು ಬಂತು. ನುಂಗಿಯೇ ಬಿಟ್ಟಳು.

ಜ್ಯೋತ್ಸ್ನಾ ಎದ್ದು ಒಂದು ಲೋಟ ನೀರು ತಂದುಕೊಟ್ಟಳು. ಬೀಗತಿ ಗಟಗಟ ಕುಡಿಯುವುದನ್ನೇ ನೋಡುತ್ತ, ಶಾಲೆಯ ಮಕ್ಕಳ ಹಾಗೆ ಕೈಕಟ್ಟಿ ನಿಂತು, ಧಾರವಾಡದ ರಾಗವನ್ನೂ ಬಿಡದೆ ಹೇಳಿದಳು:

"ಬೀಗತಿಯ ಮನಿಯಾಗ ಬೆಳ್ಳಿಯ ತಾಟ,
ಅದರಾಗ ಇಡ್ಲಿಗಳ ಕಣ್ಣಾಮುಚ್ಚಾಲಿ ಆಟ;
ಹುಳಿಗಿಂತ ಮೊದಲು 'ಸಾಕಾ?' ಬಡಿಸ್ಯಾಳ,
ಉಂಡು ಎದ್ದವರಿಗೆ ನೀರು ಕುಡಿಸ್ಯಾಳ."

ಕೃಷ್ಣಾಬಾಯಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಮೊನ್ನೆಯೇ ಬಿಚ್ಚಿದ್ದೆ," ಎಂದಳು ಜ್ಯೋತ್ಸ್ನಾ. "ಇರುವೆ ಕೊಡವಿ, ಓದಿ, ಮತ್ತೆ ಹೊಲಿದಿಟ್ಟೆ. ನಿಮ್ಮ ಮುಖ ನೋಡ್ಬೇಕಿತ್ತು, ಅದಕ್ಕೇ ಕರೆದದ್ದು. ನೀವು ತಿಂದೇ ಬಿಡ್ತೀರಿ ಅಂತ ಯಾರಿಗೆ ಗೊತ್ತು!"

"ತಪ್ಪಾತ್ರಿ," ಎಂದಳು ಕೃಷ್ಣಾಬಾಯಿ. "ನಮ್ಮ ವರದಾಗ ಏನೂ ಗೊತ್ತಿಲ್ಲ. ಆಕಿಗೆ ಒಂದು ಮಾತು ಅನಬ್ಯಾಡ್ರಿ."

"ಎಂಥ ತಪ್ಪು? ಮೂರು ದಿನದಿಂದ ಒಬ್ಬಳೇ ಹೇಳಿಕೊಂಡು ನಗ್ತಾ ಇದ್ದೇನೆ. ಆದ್ರೆ ಕೃಷ್ಣಕ್ಕಾ, ನಾಲ್ಕನೇ ಸಾಲು ಸ್ವಲ್ಪ ಸಪ್ಪೆ ಆಯ್ತು."

ಇಷ್ಟು ವರ್ಷಕ್ಕೆ ಸಿಕ್ಕವಳು ಒಬ್ಬಳೇ ಓದುಗಾರ್ತಿ, ಅವಳೂ ತಪ್ಪು ಹುಡುಕುವುದೇ! ಕೃಷ್ಣಾಬಾಯಿಯ ಹೆದರಿಕೆ ಹಾರಿಹೋಯಿತು. "ಯಾಕ? ಏನಾಗೇದ ಅದಕ್ಕ?"

"ನೀರು ಯಾರು ಬೇಕಾದ್ರೂ ಕುಡಿಸ್ತಾರೆ. 'ಉಂಡು ಎದ್ದವರಿಗೆ ಹೋಟೆಲು ತೋರಿಸ್ಯಾಳ' ಅಂತ ಹಾಕಿ. ಹೋಟೆಲೂ ನಮ್ಮದೇ ಅಲ್ವಾ?"

ಕೃಷ್ಣಾಬಾಯಿ ತುಟಿಯಲ್ಲೇ ಒಮ್ಮೆ ಅಂದು ನೋಡಿದಳು. ಹೌದು, ಹಾಳಾದ್ದು, ಚೆನ್ನಾಗಿತ್ತು. ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ತನ್ನ ಪದ್ಯ ಒಬ್ಬರಿಗೆ ಬಾಯಿಪಾಠವಾಗಿತ್ತು!

"ಇನ್ನೊಂದ್ಸಲ ಪೂರಾ ಹೇಳ್ರಿ," ಎಂದಳು. "ಇದ್ದ ಒಂದು ಚೀಟಿ ಹೊಟ್ಟಿಗೆ ಹೋತು."

"ಹೇಳ್ತೇನೆ, ಮೊದಲು ತಿನ್ನಿ." ಜ್ಯೋತ್ಸ್ನಾ ತಾಟಿಗೆ ಎರಡು ಇಡ್ಲಿ ಹಾಕಿ, ಬಾಯಿ ತೆರೆದು, ಏನೋ ನೆನಪಾಗಿ ಮುಚ್ಚಿಕೊಂಡು, ಮತ್ತೆ ನಾಲ್ಕು ಪೇರಿಸಿದಳು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನನ್ನ ನಾದಿನಿ ಹರ್ಷಾ ಇದ್ದಾಳಲ್ಲ, ಅವಳಿಗೊಂದು ಕೌದಿ ಬೇಕು. ಶಿವರಾತ್ರಿ ಒಳಗೆ ಆಗ್ತದಾ?"

"ಆಕಿ ಹೆಂಗ ಬಡಸ್ತಾಳ?"

"ಬಡಿಸುವುದು ಎಲ್ಲಿ ಬಂತು? ಊಟದ ಹೊತ್ತಿಗೆ ಸರಿಯಾಗಿ ಅವಳಿಗೆ ತಲೆನೋವು."

ಕೃಷ್ಣಾಬಾಯಿ ಇಡ್ಲಿ ತುಂಬಿದ ಬಾಯಿಯಲ್ಲೇ, ಎಡಗೈಯಿಂದ ಚೀಲ ತಡಕಿ ಪೆನ್ಸಿಲು ತೆಗೆದಳು.

"ಮೊದಲನೇ ಸಾಲು ನೀವು ಹೇಳ್ರಿ," ಎಂದಳು.