ಕುಡಿಯದವನ ಲಿವರ್

ಆಫೀಸಿನ ಕಡ್ಡಾಯ ತಪಾಸಣೆಗೆಂದು ಗಾಂಧಿನಗರದ ಆಸ್ಪತ್ರೆಗೆ ಹೋಗಿದ್ದೆ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ಲಿವರ್‌ನ್ಯಾಗ ಕೊಬ್ಬು ಜಾಸ್ತಿ ಐತ್ರಿ" ಎಂದರು. ಜನ್ಮದಲ್ಲಿ ಹೆಂಡ ಮುಟ್ಟದ ನನಗೆ ಮಾನವೇ ಹೋದಂತಾಯಿತು.

"ರಿಪೋರ್ಟ್ ಅದಲುಬದಲಾಗಿದೆ. ನಾನು ಕುಡಿಯುವುದಿಲ್ಲ!"

"ಕೂಡ್ರಿ ಸರ್. ಕುಡಿಯೋರಿಗಷ್ಟಾ ಬರೋದಲ್ಲರಿ ಇದು. ನಿಮಗ ಹೊಟ್ಟಿ ಬಂದೈತಿ, ಶುಗರ್, ಬಿಪಿ ಏರ್ಯಾವು. ಲಿವರಿನ ಕೊಬ್ಬೂ ಅವುಗಳ ಜೋಡಿನಾ ಬರ್ತೈತಿ. ಮುಂಜಾನಿ ಏನ್ ತಿಂತೀರಿ?"

"ಆಫೀಸಿಗೆ ಕುರುಗೋಡು ಬಸ್ ಹತ್ತುವ ಮುಂಚೆ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಸಕ್ಕರೆ ಚಹಾ. ಒಂದು ದಿನವೂ ತಪ್ಪಿಸಿಲ್ಲ," ಎಂದೆ, ಶಿಸ್ತಿನ ಹೆಮ್ಮೆಯಿಂದ.

"ಊಟ, ಓಡಾಟ ಈಗ ತಿದ್ಕೊಂಡ್ರ ಸುಧಾರಿಸ್ತೈತ್ರಿ. ಹಂಗ ಬಿಟ್ರ ಲಿವರ್ ಕೆಡತೈತಿ."

ಆದರೂ "ಇವರು ಕುಡಿಯುವುದಿಲ್ಲ" ಎಂದು ರಿಪೋರ್ಟಿನಲ್ಲಿ ಬರೆಸಿಕೊಂಡೇ ಹೊರಟೆ. ಮನೆಯಲ್ಲಿ ಹೆಂಡತಿ ಅದನ್ನು ಓದಿ, "ಕುರ್ಚಿ ಬಿಟ್ಟು ಏಳಂಗಿಲ್ಲ ಅಂತಾನೂ ಬರೆಸಬೇಕಿತ್ರಿ" ಎಂದಳು.

ಆ ಮಾತನ್ನೂ ನಾನು ಕೂತೇ ಕೇಳಿಸಿಕೊಂಡೆ.