ಗಜನಿ ಕಾಯುವ ಎರಡು ವಿಮಾನ

ಆರು ಗಂಟೆಗೆ ಇನ್ನೂ ಐದಾರು ನಿಮಿಷ ಬಾಕಿ. ಅಘನಾಶಿನಿಯ ಹಿನ್ನೀರಿನಲ್ಲಿ ಇಳಿತ ಶುರುವಾಗಿದೆ. ಗದ್ದೆಯ ಕಟ್ಟೆಯ ಮೇಲೆ ಹಮ್ಮ ಗೌಡರು ಬರಿಗಾಲಲ್ಲಿ ನಿಂತು ಮುಖ ಮೇಲೆತ್ತಿ ಗಾಳಿ ನೋಡುತ್ತಿದ್ದಾರೆ. ಕೊರಳಿಗೆ ನೇತುಹಾಕಿದ ರಿಮೋಟಿನ ಮೇಲೆ ಎರಡೂ ಹೆಬ್ಬೆರಳು. ನಾಲ್ಕು ಮಾರು ಮುಂದೆ ಅವರ ಹೆಂಡತಿ ಪವಿತ್ರಾ ನಾಲ್ಕಡಿ ಅಗಲದ ರೆಕ್ಕೆಯ ವಿಮಾನವೊಂದನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾರೆ. ಥರ್ಮಾಕೋಲಿನಂಥ ಹಗುರ ಹಾಳೆಯಿಂದ ಮಾಡಿದ ವಿಮಾನ. ಹೊಟ್ಟೆಗೆ ಬಿಳಿ, ಬೆನ್ನಿಗೆ ಬೂದು ಬಣ್ಣ. ದೂರದಿಂದ ನೋಡಿದರೆ ಕಡಲ ಹದ್ದು.

"ಬಿಡು" ಎನ್ನುತ್ತಾರೆ ಹಮ್ಮ ಗೌಡರು.

ಪವಿತ್ರಾ ಒಂದು ಹೆಜ್ಜೆ ಓಡಿ ವಿಮಾನವನ್ನು ಗಾಳಿಗೆ ಕೊಡುತ್ತಾರೆ. ಸದ್ದು ಇಲ್ಲವೆಂದೇ ಹೇಳಬೇಕು. ಮನೆಯ ಫ್ಯಾನಿನಷ್ಟು ಗುಂಯ್ ಎಂದು, ಅದೂ ಮರುಗಳಿಗೆಗೆ ಕೇಳದಾಗುತ್ತದೆ. ವಿಮಾನ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹಿಂದೆ ಮರೆಯಾಗಿ, ಆಚೆ ಸುತ್ತಿಕೊಂಡು, ಬೆಳಕು ಹರಿಯುತ್ತಿರುವ ದಿಕ್ಕಿನಿಂದ ಗದ್ದೆಯ ಮೇಲೆ ಆಳೆತ್ತರದಲ್ಲಿ ನುಗ್ಗುತ್ತದೆ. ತೆನೆಗಳ ನಡುವೆ ಏನೂ ಇಲ್ಲ ಎಂದುಕೊಂಡಿದ್ದ ಜಾಗದಿಂದ ಗಿಳಿಗಳು ಎದ್ದವು ನೋಡಿ, ಇನ್ನೂರೋ ಮುನ್ನೂರೋ! ಹಸಿರು ಚಾದರವೊಂದನ್ನು ಯಾರೋ ಕೊಡವಿದ ಹಾಗೆ ಎದ್ದು, ಕಿರುಚುತ್ತ ಹಿನ್ನೀರು ದಾಟಿ ಹೋಗುತ್ತವೆ.

"ಆತು. ಇನ್ನ್ ಅರ್ಧ ತಾಸು ಬರೂದಿಲ್ಲ" ಎಂದು ಹಮ್ಮ ಗೌಡರು ನನ್ನತ್ತ ತಿರುಗುತ್ತಾರೆ.

ಕುಮಟಾ ತಾಲ್ಲೂಕಿನ ಈ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಉಪ್ಪುನೀರು ನುಗ್ಗುವ ಇಲ್ಲಿ ಬೇರೆ ಭತ್ತ ನಿಲ್ಲುವುದಿಲ್ಲ. ಎತ್ತರಕ್ಕೆ ಬೆಳೆಯುವ ಕಗ್ಗ ಎಂಬ ತಳಿ ಮಾತ್ರ ನಿಲ್ಲುತ್ತದೆ. ವರ್ಷಕ್ಕೆ ಒಂದೇ ಬೆಳೆ. ಅದು ಹಣ್ಣಾಗುವ ಹೊತ್ತಿಗೆ ಗಿಳಿ, ರಾಟವಾಳ, ನೀರುಕೋಳಿ ಎಲ್ಲವೂ ಹಾಜರು. ಸುತ್ತಲಿನ ನಲವತ್ತೆರಡು ಎಕರೆ ಗಜನಿಯನ್ನು ಕೊಯ್ಲಿನವರೆಗೆ ಹಕ್ಕಿಗಳಿಂದ ಕಾಯುವ ಕೆಲಸ ಐವತ್ತರ ಹಮ್ಮ ಗೌಡರದು. ಐದು ವಾರ, ಒಂದು ದಿನವೂ ರಜೆಯಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಏಳು ಹಾರಾಟ, ಸಂಜೆ ಇನ್ನೂ ನಾಲ್ಕು ಹಾರಾಟ. ಕೂಲಿ ಎಂದರೆ ಕೊಯ್ಲಾದ ಮೇಲೆ ಒಬ್ಬೊಬ್ಬ ರೈತ ಅಳೆದು ಕೊಡುವ ಕಗ್ಗ. ಉಳಿದ ದಿನಗಳಲ್ಲಿ ಅವರು ಕುಮಟಾದ ಒಂದು ಪುಟ್ಟ ಅಂಗಡಿಯಲ್ಲಿ ದೋಣಿಯ ಎಂಜಿನ್ನು, ಪಂಪು ಬಿಚ್ಚಿ ಕೂರಿಸುವ ಮೆಕ್ಯಾನಿಕ್ಕು. ಅದೇ ಅಂಗಡಿಯ ಇನ್ನೊಂದು ಮೇಜಿನಲ್ಲಿ ಪವಿತ್ರಾ ಸುಟ್ಟುಹೋದ ಕರೆಂಟ್ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುತ್ತಾರೆ. ಒಂದು ಮೇಜು ಎಣ್ಣೆಯದು, ಒಂದು ಮೇಜು ಕರೆಂಟಿನದು.

ವಿಮಾನ ಈ ಅಂಗಡಿಗೆ ಬಂದದ್ದು ಹದಿಮೂರು ವರ್ಷದ ಹಿಂದೆ. ಗಲ್ಫಿನಿಂದ ಮರಳಿದ್ದ ಭಟ್ಕಳದ ಜಾಫರ್ ದಾಮುದಿ ಎಂಬ ಹಿರಿಯರು ಹವ್ಯಾಸಕ್ಕೆ ಹಾರಿಸುತ್ತಿದ್ದ ಐದಡಿ ರೆಕ್ಕೆಯ ಮರದ ವಿಮಾನವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂದಿದ್ದರು. ಮುಷ್ಟಿಯಷ್ಟೇ ಎಂಜಿನ್ನು. ಕುಡಿಯುವುದು ಮೆಥನಾಲು ಮತ್ತು ಹರಳೆಣ್ಣೆಯ ಮಿಶ್ರಣ. ಭಟ್ಕಳದಲ್ಲಿ, ಹೊನ್ನಾವರದಲ್ಲಿ ಯಾರಿಂದಲೂ ಅದು ಶುರುವಾಗಿರಲಿಲ್ಲ.

"ಅಷ್ಟ್ ಸಣ್ಣ ಪಿಸ್ಟನ್ ನಾ ಕಂಡದ್ದೇ ಇಲ್ಲ. ಬಿಚ್ಚಿ ನೋಡ್ದೆ, ಎಣ್ಣೆ ಒಣಗಿ ಬೆಲ್ಲದ ಪಾಕ ಆಗಿತ್ತು. ತೊಳ್ದು ಕೂರ್ಸಿ, ಮೂತಿಯ ಪಂಕ ತಿರುಗೂ ಹಾಂಗೆ ಬೆರಳಲ್ಲಿ ಹೊಡ್ದೆ. ಕಿರ್ರ್ ಅಂತು! ಸಾಹೇಬ್ರು ಮಕ್ಕಳ ಹಾಂಗೆ ಚಪ್ಪಾಳೆ ತಟ್ಟಿದ್ರು" ಎಂದು ಹಮ್ಮ ಗೌಡರು ನೆನೆಯುತ್ತಾರೆ.

ಆಮೇಲೆ ಜಾಫರ್ ಸಾಹೇಬರು ತಿಂಗಳಿಗೊಮ್ಮೆ ಬಂದು ಅವರಿಗೆ ಹಾರಿಸುವುದನ್ನೂ ಕಲಿಸಿದರು. ಕಣ್ಣು ಮಂಜಾದಾಗ ವಿಮಾನವನ್ನು ಇವರಿಗೇ ಕೊಟ್ಟರು. ಎರಡು ವರ್ಷ ಅದು ಅಂಗಡಿಯ ಗೋಡೆಯ ಮೇಲಿತ್ತು.

ಅದನ್ನು ಗಜನಿಗೆ ತಂದದ್ದು ಒಂದು ಬಲೆ. ಆ ವರ್ಷ ರೈತರು ಹಕ್ಕಿ ತಡೆಯಲು ನೈಲಾನ್ ಬಲೆ ಕಟ್ಟಿದ್ದರು. ಹಮ್ಮ ಗೌಡರದೂ ಅಲ್ಲಿ ಎರಡು ಎಕರೆ ಇದೆ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬಲೆಯಲ್ಲಿ ಎರಡು ಗೂಬೆ, ಒಂದು ಮಿಂಚುಳ್ಳಿ. ಭತ್ತ ತಿನ್ನದ ಹಕ್ಕಿಗಳು. ಗೂಬೆಗಳು ಆಗಲೇ ಸತ್ತಿದ್ದವು. ಮಿಂಚುಳ್ಳಿಯನ್ನು ಬಿಡಿಸುವಾಗ ಅದು ಅವರ ಅಂಗೈಯಲ್ಲೇ ತಲೆ ವಾಲಿಸಿತು. ಮರುದಿನ ಅವರು ಗೋಡೆಯ ಮೇಲಿನ ವಿಮಾನ ಇಳಿಸಿದರು. ಎಂಜಿನ್ನಿನ ಅಬ್ಬರಕ್ಕೆ ಹಕ್ಕಿಗಳೆಲ್ಲ ಚೆದುರಿದವು. ಮುಂದಿನ ವರ್ಷ ಬಲೆ ಬೇಡ ಎಂದು ರೈತರೇ ತೀರ್ಮಾನಿಸಿದರು.

ಆದರೆ ಎರಡನೇ ಮೇಜಿನ ಪವಿತ್ರಾಗೆ ಬೇರೆಯೇ ಯೋಚನೆಯಿತ್ತು. ಯಾರೋ ರಿಪೇರಿಗೆ ಕೊಟ್ಟು ಮರಳಿ ಒಯ್ಯದೆ ಬಿಟ್ಟ ಪುಟ್ಟ ಮೋಟಾರೊಂದು ಅವರ ಬಳಿಯಿತ್ತು. ಒಳಗೆ ತಂತಿ ಸುತ್ತುವ ಹನ್ನೆರಡು ಹಲ್ಲು, ಸುತ್ತಲೂ ಆಯಸ್ಕಾಂತ. ಅದರ ಸುಟ್ಟ ತಂತಿ ತೆಗೆದು, ಮೊದಲಿದ್ದದ್ದಕ್ಕಿಂತ ಹೆಚ್ಚು ಸುತ್ತು ಹಾಕಿದರು. ಸುತ್ತು ಹೆಚ್ಚಾದರೆ ಮೋಟಾರು ನಿಧಾನ ತಿರುಗುತ್ತದೆ. ನಿಧಾನ ತಿರುಗುವುದಕ್ಕೆ ದೊಡ್ಡ ಪಂಕ ಕಟ್ಟಬಹುದು, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಹದ್ದಿನ ಆಕಾರದ ವಿಮಾನವನ್ನೂ ಅವರೇ ಕತ್ತರಿಸಿ ಅಂಟಿಸಿದರು. ಭಾನುವಾರಗಳಲ್ಲಿ ಇಳಿತದ ಮರಳಿನ ಮೇಲೆ ಗಂಡನಿಂದಲೇ ಹಾರಿಸುವುದು ಕಲಿತರು. ಏರಿಸಲು ಬಂತು, ತಿರುಗಿಸಲು ಬಂತು. ಇಳಿಸಲು ಮಾತ್ರ ಬರಲಿಲ್ಲ.

"ನಾ ಅದ್ಕೆ ಮಿಕ್ಸರ್ ಅಂತಿದ್ದೆ" ಎಂದು ಹಮ್ಮ ಗೌಡರು ನಗುತ್ತಾರೆ. "ಎಂಜಿನ್ ಅಂದ್ರೆ ಮಾತಾಡ್ತದೆ. ಎಣ್ಣೆ ಕಮ್ಮಿ ಆದ್ರೆ ಕೆಮ್ತದೆ, ಬಿಸಿ ಆದ್ರೆ ಕೂಗ್ತದೆ. ಇದು ಎಂತದೂ ಹೇಳೂದಿಲ್ಲ. ಗಕ್ಕನೆ ನಿಂತು ಬೀಳ್ತದೆ."

"ಎಂಜಿನ್ ಪಂಕಕ್ಕೆ ಬೆರಳು ಹಾಕ್ಬೇಡಿ, ಅದ್ನ ತಿರುಗ್ಸೂಕೆ ಸ್ಟಾರ್ಟರ್ ತಕಣಿ ಅಂತ ನಾನೂ ಎಷ್ಟೋ ಸಲ ಹೇಳಿದ್ದೆ" ಎಂದು ಪವಿತ್ರಾ ಸೇರಿಸುತ್ತಾರೆ. "ಬೆರಳಿಗೆ ಗೊತ್ತಾಗೂದು ಸ್ಟಾರ್ಟರಿಗೆ ಗೊತ್ತಾಗೂದಿಲ್ಲ ಅಂತಿದ್ರು ಇವ್ರು."

ಎರಡು ವರ್ಷದ ಹಿಂದೆ, ಇದೇ ಅಕ್ಟೋಬರಿನಲ್ಲಿ, ಆ ಮಾತಿಗೆ ಬೆಲೆ ತೆರಬೇಕಾಯಿತು. ಕಟ್ಟೆ ಇಬ್ಬನಿಗೆ ಜಾರುತ್ತಿತ್ತು. ಎಂಜಿನ್ನು ಮೂರು ಸಲ ಮೊಂಡು ಹಿಡಿಯಿತು. ನಾಲ್ಕನೇ ಸಲ ಪಂಕಕ್ಕೆ ಬೆರಳು ಹೊಡೆದಾಗ ಅದು ಹಿಂದಕ್ಕೆ ಒದ್ದು, ಆ ಕ್ಷಣವೇ ಹತ್ತಿಕೊಂಡಿತು. ಕಾಲು ಜಾರಿದ ಹಮ್ಮ ಗೌಡರ ಬಲಗೈ ಪಂಕದೊಳಗೆ ಹೋಯಿತು. ಪಕ್ಕದ ಗದ್ದೆಯ ಚೌಡ ಗೌಡರು, ಗಜನಿ ರೈತರ ಹಿರಿಯರು, ಓಡಿಬಂದು ತಮ್ಮ ಮುಂಡಾಸು ಬಿಚ್ಚಿ ಕೈಗೆ ಸುತ್ತಿದರು. ಬೈಕಿನಲ್ಲಿ ಆಸ್ಪತ್ರೆ. ತೋರುಬೆರಳು, ನಡುಬೆರಳು ಎರಡರ ನರವೂ ತುಂಡಾಗಿತ್ತು. ಹೊಲಿದು ಪಟ್ಟಿ ಕಟ್ಟಿದ ವೈದ್ಯರು, ಆರು ವಾರ ಕೈ ಅಲುಗಿಸಬಾರದು ಎಂದರು. ಕೊಯ್ಲಿಗೆ ಉಳಿದಿದ್ದು ನಾಲ್ಕು ವಾರ.

ಹಮ್ಮ ಗೌಡರು ಮನೆಯ ಜಗಲಿ ಬಿಟ್ಟು ಏಳಲಿಲ್ಲ. ಗಜನಿಯ ಕಡೆ ಮುಖ ಮಾಡಿಯೂ ಕೂರಲಿಲ್ಲ.

ಮೂರನೇ ದಿನ ಚೌಡ ಗೌಡರು ಬಂದರು. "ಹಮ್ಮಾ, ತಪ್ಪು ತಿಳ್ಕಬೇಡ. ಕೆಳಗಿನ ಗದ್ದೆ ಅರ್ಧ ಖಾಲಿ ಆತು. ಬಲೆ ತರೂಕೆ ಹೇಳೀವು."

ಒಳಗಿನಿಂದ ಪವಿತ್ರಾ ಹೊರಗೆ ಬಂದರು. "ಎರಡ್ ದಿನ ಕೊಡಿ ಚೌಡಣ್ಣ. ನಾ ಹಾರ್ಸ್ತೆ."

ಮರುದಿನ ಬೆಳಿಗ್ಗೆ ಅವರು ತಮ್ಮ ವಿಮಾನ ಎತ್ತಿಕೊಂಡು ಹೊರಟಾಗ ಗಂಡ ಜಗಲಿಯಲ್ಲೇ ಇದ್ದರು. ಕಟ್ಟೆಯ ಮೇಲೆ ಏಳೆಂಟು ರೈತರು ಸೇರಿದ್ದರು. ವಿಮಾನವೇನೋ ಏರಿತು, ಆದರೆ ಅದು ತಲೆಯ ಮೇಲೆ ಸುತ್ತಿದರೂ ಹಕ್ಕಿಗಳು ಕ್ಯಾರೇ ಅನ್ನಲಿಲ್ಲ. ನಾಲ್ಕು ಗಿಳಿ ಎದ್ದು ಮತ್ತೆ ಕುಳಿತವು. "ಸದ್ದೇ ಇಲ್ಲ, ಹೆದ್ರೂದು ಎಂತಕ್ಕೆ?" ಎಂದು ಯಾರೋ ನಕ್ಕರು. ಇಳಿಸುವಾಗ ವಿಮಾನ ಕಾಲುವೆಯ ಉಪ್ಪುನೀರಿಗೆ ಬಿತ್ತು. ಸೊಂಟದವರೆಗೆ ನೀರಿಗಿಳಿದು ಎತ್ತಿ ತಂದರು.

ಮನೆಗೆ ಬಂದವರು ಮೋಟಾರನ್ನು ಸಿಹಿನೀರಲ್ಲಿ ತೊಳೆದು, ಒಲೆಯ ಹತ್ತಿರ ಒಣಗಲಿಟ್ಟರು. ನೆನೆದ ಬ್ಯಾಟರಿ ಹೊತ್ತಿಕೊಂಡೀತೆಂದು ಅದನ್ನು ಅಂಗಳದಾಚೆ ಮರಳಿನ ಬಕೀಟಿನಲ್ಲಿ ಹೂತರು. ಗಂಡ ನೋಡುತ್ತಿದ್ದವರು ಕೊನೆಗೆ ಕೇಳಿದರು: "ಯಾವ ದಿಕ್ಕಿಂದ ತಂದೆ?"

"ನಿಮ್ಮ ಹಾಂಗೇ. ಕಟ್ಟೆ ಮೇಲಿಂದ ನೆಟ್ಟಗೆ."

ಹಮ್ಮ ಗೌಡರು ಎದ್ದು ಬಂದು ಒಲೆಯ ಪಕ್ಕ ಕುಳಿತರು. ತಮ್ಮ ಎಂಜಿನ್ನು ಹಕ್ಕಿಗಳನ್ನು ಸದ್ದಿನಿಂದ ಹೆದರಿಸುತ್ತಿತ್ತು. ಎಲ್ಲಿಂದ ಹಾರಿಸಿದರೂ ನಡೆಯುತ್ತಿತ್ತು. ಸದ್ದಿಲ್ಲದ್ದನ್ನು ಹಾಗೆ ಹಾರಿಸಿದರೆ ಅದೊಂದು ಹಾಳೆಯ ತುಂಡಷ್ಟೆ. ನಿಜವಾದ ಹದ್ದು ಹಾಗೆ ಬರುವುದಿಲ್ಲ. ಮರೆಯಿಂದ, ಕೆಳಗಿನಿಂದ, ಸೂರ್ಯನನ್ನು ಬೆನ್ನಿಗಿಟ್ಟು ಬರುತ್ತದೆ.

"ಇಷ್ಟ್ ವರ್ಷ ಹಕ್ಕಿ ನೋಡ್ದವ ನಾ" ಎನ್ನುತ್ತಾರೆ ಹಮ್ಮ ಗೌಡರು. "ಆದ್ರೆ ಎಂಜಿನ್ ಸದ್ದಿನ ಹಮ್ಮಿನಲ್ಲಿ ಅದನ್ನ ಯೋಚ್ನೇನೇ ಮಾಡಿರ್ಲಿಲ್ಲ."

ಮರುದಿನ ಅವರೂ ಜತೆಗೆ ಹೋದರು. ಪಟ್ಟಿ ಕಟ್ಟಿದ ಕೈ ಎದೆಗೊತ್ತಿಕೊಂಡು ಹೆಂಡತಿಯ ಹಿಂದೆ ನಿಂತರು. "ಎತ್ತಬೇಡ... ಕಾಂಡ್ಲಾದ ಹಿಂದೆ ಹೋಗ್ಲಿ... ಈಗ ಎಡಕ್ಕೆ... ಇಳಿಸು, ಇನ್ನೂ ಇಳಿಸು, ಹೆದ್ರಬೇಡ." ವಿಮಾನ ಗಿಡಗಳ ಮರೆಯಿಂದ ಹೊರಬಿದ್ದದ್ದೇ ತಡ, ಇಡೀ ಗದ್ದೆ ಎದ್ದಿತು. ಗಿಳಿ, ರಾಟವಾಳ ಎಲ್ಲ ಒಟ್ಟಿಗೇ. ಇಳಿಸುವಾಗಲೂ ಗಂಡ ಒಂದೊಂದೇ ಮಾತು ಹೇಳಿದರು. ವಿಮಾನ ಕಟ್ಟೆಯ ಹುಲ್ಲಿನ ಮೇಲೆ ಹೊಟ್ಟೆ ಉಜ್ಜಿಕೊಂಡು ನಿಂತಿತು. ಪವಿತ್ರಾ ರಿಮೋಟು ಹಿಡಿದುಕೊಂಡೇ ಕೆಳಗೆ ಕುಳಿತರಂತೆ.

ಅದನ್ನು ನೆನೆದು ಅವರು ನಗುತ್ತಾರೆ. "ಇವ್ರು ಹಿಂದಿಂದ ಎಂತ ಅಂದ್ರು ಗೊತ್ತುಂಟಾ? 'ಮಿಕ್ಸರ್ ಅಲ್ಲ' ಅಂದ್ರು. ಅಷ್ಟೇ. ಹೊಗಳೂದು ಅಂದ್ರೆ ಇವ್ರದ್ದು ಅಷ್ಟೇ."

ಚೌಡ ಗೌಡರು ಆ ದಿನ ಮಧ್ಯಾಹ್ನವೇ ಬಲೆಯ ಅಂಗಡಿಗೆ ಫೋನು ಮಾಡಿ ಬೇಡ ಎಂದರು. ಕೊಯ್ಲಿನವರೆಗೂ ಪವಿತ್ರಾ ಹಾರಿಸಿದರು. ನಲವತ್ತೆರಡು ಎಕರೆಯ ಕೊಯ್ಲಾಯಿತು.

ಹಮ್ಮ ಗೌಡರ ಎರಡು ಬೆರಳು ಇವತ್ತಿಗೂ ಅರ್ಧವೇ ಮಡಚುತ್ತವೆ. ರಿಮೋಟಿಗೆ ಹೆಬ್ಬೆರಳು ಸಾಕು, ತೊಂದರೆಯಿಲ್ಲ. ಮರದ ವಿಮಾನವನ್ನು ಅವರು ಬಿಟ್ಟಿಲ್ಲ. ಸ್ಟಾರ್ಟರ್ ಬಂದಿದೆ, ಪಂಕದ ಹತ್ತಿರ ಬೆರಳು ಹೋಗುವುದಿಲ್ಲ. ಬೆಳಗಿನ ಶಾಂತ ಗಾಳಿಗೆ ಬ್ಯಾಟರಿಯದ್ದು. ಸಂಜೆ ಕಡಲ ಗಾಳಿ ಬಲವಾಗಿ ಬೀಸುವಾಗ ಹಗುರ ವಿಮಾನ ನಿಲ್ಲುವುದಿಲ್ಲ, ಆಗ ಎಂಜಿನ್ನಿನದ್ದು. ಒಂದು ಟ್ಯಾಂಕಿಗೆ ಹದಿನೈದು ನಿಮಿಷ, ಒಂದು ಬ್ಯಾಟರಿಗೆ ಒಂಬತ್ತು. ಟ್ಯಾಂಕು ತುಂಬಲು ಅರ್ಧ ನಿಮಿಷ, ಬ್ಯಾಟರಿ ತುಂಬಲು ಒಂದು ತಾಸು. ಹಾಗಾಗಿ ಏಳು ಬ್ಯಾಟರಿಗಳನ್ನು ರಾತ್ರಿಯೇ ತುಂಬಿಸಿ ತರುತ್ತಾರೆ.

ಯಾವುದು ಮೇಲು ಎಂದು ನಾನು ಕೇಳುತ್ತೇನೆ.

"ಎಣ್ಣೆದು ಹಾರ್ತಾ ಹಾರ್ತಾ ಹಗುರ ಆಗ್ತದೆ" ಎನ್ನುತ್ತಾರೆ ಹಮ್ಮ ಗೌಡರು. "ಬ್ಯಾಟರಿ ತುಂಬಿದ್ರೂ ಖಾಲಿಯಾದ್ರೂ ಭಾರ ಒಂದೇ."

"ಆದ್ರೆ ಬ್ಯಾಟರಿದು ಹಾರ್ಸಿ ಬಂದವ್ರ ಅಂಗಿ ತೊಳೂದು ಸುಲಭ" ಎನ್ನುತ್ತಾರೆ ಪವಿತ್ರಾ. "ಹರಳೆಣ್ಣೆ ಕಲೆ ಹೋಗೂದಿಲ್ಲ."

ಒಂಬತ್ತು ಗಂಟೆ. ಏಳನೇ ಹಾರಾಟ ಮುಗಿದಿದೆ. ಹಿನ್ನೀರಿನಲ್ಲಿ ಹೆಂಗಸರು ಬಳಚು ಎಂಬ ಚಿಪ್ಪುಮೀನು ಆರಿಸಲು ಇಳಿದಿದ್ದಾರೆ. ಪವಿತ್ರಾ ರೆಕ್ಕೆ ಬಿಚ್ಚಿ, ಒದ್ದೆ ಬಟ್ಟೆಯಿಂದ ಮೋಟಾರಿನ ಉಪ್ಪು ಒರೆಸುತ್ತಾರೆ; ಇನ್ನು ಅಂಗಡಿ ತೆರೆಯಬೇಕು. ಹೊರಡುವ ಮೊದಲು, ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಹೊಸ ವಿಮಾನ, ಒಳ್ಳೆಯ ರಿಮೋಟು ಅಂತೇನಾದರೂ ಹೇಳಬಹುದು ಎಂದುಕೊಂಡಿದ್ದೆ. ಹಮ್ಮ ಗೌಡರು ಬಿಚ್ಚಿಟ್ಟ ರೆಕ್ಕೆಯನ್ನು ಕಂಕುಳಿಗೇರಿಸಿಕೊಂಡರು.

"ಇಷ್ಟ್ ವರ್ಷ ಹಾರ್ಸಿದ್ದು ಎಲ್ಲಾ ಯಾರನ್ನಾದ್ರೂ ಓಡ್ಸೂಕೇ ಅಲ್ವಾ? ಕೊಯ್ಲು ಮುಗ್ದ ಮೇಲೆ ಒಂದಿನ ಹೊನ್ನಾವರದ ಆಚೆ ಮಂಕಿ ಊರಿನ ಕಡಲ ಬದಿಗೆ ಹೋಗ್ಬೇಕು. ಎರಡೂ ತಕಂಡು, ಇಬ್ರೂ. ಅಲ್ಲಿ ಯಾರನ್ನೂ ಓಡ್ಸೂದಿಲ್ಲ. ಸುಮ್ನೆ ಹಾರ್ಸೂದು."