ಮಾವನವರು ಯಾವ ಕಣ್ಣಲ್ಲಿ ನಗುತ್ತಾರೆ?

ಎರಡನೇ ಶನಿವಾರ. ಮಗಳಿಗೆ ರಜೆ, ಅವಳಪ್ಪನಿಗೆ ಫಸ್ಟ್ ಶಿಫ್ಟ್. ಹಾಲು ಕಾಯಿಸಿ, ಡಬ್ಬಿಗೆ ಚಿತ್ರಾನ್ನ ತುಂಬಿ, ಅವರನ್ನು ಕಂಪನಿ ಬಸ್ಸಿಗೆ ಕಳಿಸಿದೆ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು ಒಳಗೆ ಬಂದರೆ ನಮ್ಮತ್ತೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಮಾವನವರ ಫೋಟೋ ಮುಂದೆ ನಿಂತಿದ್ದಾರೆ.

ಫೋಟೋಗೆ ಹೂವು ಮುಡಿಸುವುದು ಗೊತ್ತು. ಊದುಬತ್ತಿ ಹಚ್ಚುವುದು ಗೊತ್ತು. ಒಂಟಿಗಣ್ಣಲ್ಲಿ ನೋಡುವುದು?

“ಅತ್ತೆ, ಕಣ್ಣು ನೋಯ್ತಾ ಇದೆಯಾ?”

“ಇಲ್ಲ ಕಣವ್ವ. ಇಂಗ್ ನೋಡುದ್ರೆ ಇವ್ರು. ಅಂಗ್ ನೋಡುದ್ರೆ ಬ್ಯಾರೆ ಯಾರೋ.”

ನಮ್ಮತ್ತೆ ಈ ಅಂಕಣಕ್ಕೆ ಹೊಸಬರಲ್ಲ. ಮಾವನವರು ತೀರಿಕೊಂಡ ಮೇಲೆ ಹೆಮ್ಮಿಗೆಯಿಂದ ನಂಜನಗೂಡಿಗೆ, ನಮ್ಮ ಮನೆಗೆ ಬಂದರು. ಹೋದ ತಿಂಗಳು ಮೈಸೂರಿನಲ್ಲಿ ಬಲಗಣ್ಣಿನ ಪೊರೆ ತೆಗೆಸಿದೆವು. ಈಗ ನನಗಿಂತ ಬೇಗ ಸೂಜಿಗೆ ದಾರ ಪೋಣಿಸುತ್ತಾರೆ. ಎಡಗಣ್ಣು ಬಾಕಿ. ಪೊರೆ ಬಲಿತಿದೆ, ತಡ ಮಾಡಿದಷ್ಟೂ ಕಷ್ಟ, ಒಪ್ಪಿಗೆಯಿದ್ದರೆ ಶನಿವಾರ ಸಂಜೆಯೊಳಗೆ ಫೋನ್ ಮಾಡಿ ಅಂದಿದ್ದರು ಡಾಕ್ಟರು. ಅತ್ತೆಯದು ಒಂದೇ ಹಟ: ಒಲ್ಲೆ. ನಾವೆಲ್ಲ ಅದನ್ನು ಭಯ ಅಂದುಕೊಂಡಿದ್ದೆವು.

ಹೊಸ ಕಣ್ಣು ಬಂದಾಗಿನಿಂದ ನನಗೂ ನೆಮ್ಮದಿಯಿಲ್ಲ ಅನ್ನಿ. ಆ ಕಣ್ಣಲ್ಲಿ ನೋಡಿದರೆ ಅವರ ಬಿಳಿ ಸೀರೆಗೆ ನಾನು ನೀಲಿ ಜಾಸ್ತಿ ಹಾಕಿದ್ದೇನೆ. (ನಾನು ನೀಲಿ ಕೊಂಡು ಎಷ್ಟು ಕಾಲವಾಯಿತೋ!) ಹಳೆ ಕಣ್ಣಲ್ಲಿ ನೋಡಿದರೆ ಅದೇ ಸೀರೆಯನ್ನು ಒಗೆದೇ ಇಲ್ಲ. ಯಾವ ಕಣ್ಣಿಗೆ ಅಂತ ಒಗೆಯಲಿ?

ಮಗಳು ಸಹನಾ ಊಟದ ಟೇಬಲ್ ಮೇಲೆ ಚಿತ್ರ ಹರಡಿಕೊಂಡು ಕೂತಿದ್ದಳು. ಒಂಬತ್ತನೇ ಕ್ಲಾಸು. ಬೇರೆ ಗ್ರಹಗಳಿಗೆ ಹೋಗುವ ರೋಬೋಟ್‌ಗಳ ಕ್ಯಾಮೆರಾ ಬಗ್ಗೆ ಸೋಮವಾರ ಅವಳ ಸೆಮಿನಾರ್. ಮಂಗಳ ಗ್ರಹದ ಎರಡು ಫೋಟೋ ಪಕ್ಕಪಕ್ಕ ಇಟ್ಟಿದ್ದಳು. ಅದೇ ಬಯಲು, ಅವೇ ಕಲ್ಲು. ಒಂದರಲ್ಲಿ ಆಕಾಶ ಸಮೇತ ಎಲ್ಲವೂ ಆರಿದ ಟೀ ಬಣ್ಣ. ಇನ್ನೊಂದರಲ್ಲಿ ಕಲ್ಲು ಬೂದು, ಆಕಾಶ ತುಸು ನೀಲಿ, ನಮ್ಮ ಕಡೆಯದೇ ಯಾವುದೋ ಕಲ್ಲುಕ್ವಾರಿಯ ಹಾಗೆ.

“ಯಾವುದು ನಿಜ?”

“ಎರಡೂ ನಿಜ ಅಮ್ಮ. ಇದು ಅಲ್ಲಿ ನಿಂತ್ರೆ ಕಾಣೋದು. ಇದು ಅದೇ ಕಲ್ಲನ್ನ ನಮ್ಮ ಭೂಮಿ ಬಿಸಿಲಿಗೆ ತಂದಿಟ್ರೆ ಕಾಣೋದು. ವಿಜ್ಞಾನಿಗಳಿಗೆ ನಮ್ಮ ಬಿಸಿಲಲ್ಲಿ ನೋಡಿದ್ರೇನೇ ಕಲ್ಲಿನ ಗುರುತು ಸಿಗೋದಂತೆ. ವೈಟ್ ಬ್ಯಾಲೆನ್ಸ್ ಅಂತಾರೆ.”

ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್ ಕೊಡುತ್ತಿದ್ದ ಟೆಸ್ಟಿನಲ್ಲಿ ‘ಟ್ರೂ’ ಇರುತ್ತಿತ್ತು, ‘ಫಾಲ್ಸ್’ ಇರುತ್ತಿತ್ತು. ಎರಡಕ್ಕೂ ಟಿಕ್ ಹಾಕಿದರೆ ಸೊನ್ನೆ. ಇದನ್ನು ಎಲ್ಲಿಡಲಿ?

ಈ ರೋಬೋಟ್, ಅಂದರೆ ರೋವರ್‌ನ ಮೈಮೇಲೆ ಪುಟ್ಟದೊಂದು ಬಣ್ಣದ ಬಿಲ್ಲೆ ಇರುತ್ತದಂತೆ. ಕೆಂಪು, ಹಳದಿ, ಹಸಿರು, ನೀಲಿ, ಬೂದು. ಭೂಮಿಯಲ್ಲೇ ಅಳೆದು ಕಳಿಸಿದ ಬಣ್ಣಗಳು. ಕ್ಯಾಮೆರಾ ಆಗಾಗ ಬಿಲ್ಲೆಯ ಫೋಟೋ ತೆಗೆದು ತನ್ನ ಬಣ್ಣ ಸರಿಯಿದೆಯಾ ಅಂತ ನೋಡಿಕೊಳ್ಳುತ್ತದೆ. ಇಷ್ಟು ನನಗೆ ಅರ್ಥವಾಯಿತು. ಬ್ಲೌಸ್ ಪೀಸನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನಂಬದೆ, ಸೀರೆ ಸಮೇತ ಬೀದಿಗೆ ತಂದು ಬಿಸಿಲಿಗೆ ಹಿಡಿಯುತ್ತೇವಲ್ಲ, ಹಾಗೆ.

ನನಗೊಂದು ಐಡಿಯಾ ಹೊಳೆಯಿತು. ದೇವರ ಮನೆಯಿಂದ ತಟ್ಟೆ ತಂದು ಅತ್ತೆಯ ಮುಂದೆ ಹಿಡಿದೆ. ಅರಿಶಿನ, ಕುಂಕುಮ, ವಿಭೂತಿ. ಅತ್ತೆ ಒಂದು ಕಣ್ಣು ಮುಚ್ಚಿದರು, ಇನ್ನೊಂದು ಮುಚ್ಚಿದರು.

“ಎಲ್ಡ್ರಲ್ಲೂ ಕುಂಕುಮ್ವೇ ಕಣವ್ವ. ಒಂದ್ರಲ್ಲಿ ಅಳೇದು, ಒಂದ್ರಲ್ಲಿ ಒಸದು. ಕುಂಕುಮದ್ ಮಾತು ಬುಡು. ಈ ಒಸ ಕಣ್ಣಲ್ಲಿ ನೋಡುದ್ರೆ ಅವ್ರು ನಗ್ತಾನೇ ಇಲ್ವಲ್ಲ, ಅದ್ಕೇನ್ ಮಾಡೀಯೆ?”

ತಟ್ಟೆ ಕೆಳಗಿಟ್ಟು ನಾನೂ ಫೋಟೋ ನೋಡಿದೆ.

ಮಾವನವರು ನಾಲೆಯ ನೀರುಗಂಟಿ. ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕು ಅಂತ ಹೇಳುವವರು ನಗುತ್ತಾ ಕೂತರೆ ಕೆಲಸ ನಡೆಯುತ್ತಾ? ಗೋಡೆಯ ಮೇಲಿರುವುದು ಆಫೀಸಿನ ಐಡಿ ಕಾರ್ಡಿಂದ ದೊಡ್ಡದು ಮಾಡಿಸಿದ ಫೋಟೋ. ಐಡಿ ಕಾರ್ಡಿನಲ್ಲಿ ಯಾರು ನಗುತ್ತಾರೆ?

“ಅತ್ತೆ, ಅವರು ಮೊದಲಿಂದಲೂ ಈ ಫೋಟೋದಲ್ಲಿ ನಗ್ತಾ ಇರಲಿಲ್ಲ.”

“ನಂಗೊತ್ತಿಲ್ವಾ? ಮೊದ್ಲು ಗುರಾಯಿಸ್ಕಂಡೇ ಇದ್ರು. ಬತ್ತಾ ಬತ್ತಾ ಸಲೀಸಾದ್ರು. ಈಗೆಲ್ಡು ವರ್ಷ್ದಿಂದ ದಿನಾ ನಗ್ತಾ ಅವ್ರೆ. ಇದ್ದಾಗ ನಗ್ನಿಲ್ಲ, ಈಗ್ ನಗ್ತಾ ಅವ್ರೆ. ಈ ಅಳೇ ಕಣ್ಣಿನ್ ಪೊರೇನೂ ತಗುಸ್ಬುಟ್ರೆ?”

ಪೊರೆ ಬಲಿಯುತ್ತಾ ಬಂದ ಹಾಗೆ ನಗು ಬಂದಿದೆ. ನಾವು ಅದನ್ನು ಕಾಯಿಲೆ ಅಂತಿದ್ದೆವು.

ಸಹನಾ ಮೆಲ್ಲಗೆ ಅಜ್ಜಿಯ ಪಕ್ಕ ಬಂದು ಕೂತಳು. “ಅಜ್ಜೀ, ಎಷ್ಟೋ ವರ್ಷದ ಹಿಂದೆ ಮಂಗಳದ ಸುತ್ತ ತಿರುಗೋ ಕ್ಯಾಮೆರಾ ಒಂದು ಫೋಟೋ ಕಳಿಸಿತ್ತು. ಅದರಲ್ಲಿ ಮನುಷ್ಯನ ಮುಖ! ಕಣ್ಣು, ಮೂಗು, ಬಾಯಿ. ಜನ ಹೌಹಾರಿಬಿಟ್ರು. ಆಮೇಲೆ ಇನ್ನೂ ಒಳ್ಳೆ ಕ್ಯಾಮೆರಾ ಕಳಿಸಿ ನೋಡಿದ್ರೆ ಬರೀ ಗುಡ್ಡ. ನೆರಳು ಬಿದ್ದು ಹಾಗೆ ಕಾಣಿಸಿದ್ದಷ್ಟೇ.”

ಅಜ್ಜಿಗೆ ಸಮಾಧಾನವಾಗಲಿ ಅಂತ ಹೇಳಿದಳು, ಪಾಪ.

ಅತ್ತೆ ಮೊಮ್ಮಗಳ ಕಡೆ ತಿರುಗಿದರು. “ಅಂಗಾರೆ ಒಳ್ಳೆ ಕ್ಯಾಮ್ರಾ ಕಳುಸ್ದೆ ಇದ್ದಿದ್ರೆ ಮೊಕ ಇರ್ತಿತ್ತಲ್ಲ ಮಗ?”

ಸೆಮಿನಾರಿನಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿದರೆ ಏನು ಗತಿ? ಸಹನಾ ಎದ್ದು ಹೋಗಿ ತಾತನ ಫೋಟೋವನ್ನು ನನ್ನ ಮೊಬೈಲಿನಲ್ಲಿ ಹಿಡಿದಳು.

“ಅಜ್ಜೀ, ಹಳೆ ಕಣ್ಣಲ್ಲಿ ಗೋಡೆ ನೋಡಿ. ಹೊಸ ಕಣ್ಣಲ್ಲಿ ಮೊಬೈಲ್ ನೋಡಿ. ಎರಡೂ ಒಂದೇ ಥರ ಆಗೋವರೆಗೂ ಹೇಳ್ತಾ ಹೋಗಿ.”

ವಿಜ್ಞಾನಿಗಳು ಟೀ ಬಣ್ಣ ತೆಗೆಯುವುದಕ್ಕೆ ಒದ್ದಾಡಿದರೆ, ಇವಳು ಹಾಕುವುದಕ್ಕೆ ಕೂತಳು. ಅತ್ತೆ ಅಂಗೈ ಅದಲುಬದಲು ಮಾಡುತ್ತಾ ಅಪ್ಪಣೆ ಕೊಡುತ್ತಿದ್ದರು. “ಇನ್ ವಸಿ ಅರಿಶಿನ ಬುಡು... ಇನ್ ವಸಿ... ಅಯ್ಯೋ ಸಾಕ್ ಬುಡವ್ವ, ಕಾಮಾಲೆ ಬಂದಂಗಾಯ್ತು! ತಗಿ, ತಗಿ. ಈಗ ಮಂಜು ಬುಡು.”

“ಬ್ಲರ್ ಮಾಡ್ಲಾ?”

“ಅದೇನೋ. ದೂರದಿಂದ ಬತ್ತಾ ಇರಂಗೆ ಮಾಡು.”

ಬೆರಳು ಸರಿಯಿತು. ಕಾಲರ್ ಮಾಸಿತು, ಹುಬ್ಬಿನ ಗಂಟು ಸಡಿಲವಾಯಿತು.

“ಅಗೋ. ಬಂದ್ರು.”

ಮಧ್ಯಾಹ್ನವೇ ಬಜಾರಿನ ಸ್ಟುಡಿಯೋಗೆ ಹೋದೆ. ಹುಡುಗ ಕಂಪ್ಯೂಟರಿನಲ್ಲಿ ನೋಡಿ ಮುಖ ಕಿವುಚಿದ. “ಮೇಡಂ, ಶೇಕ್ ಆಗಿದೆ. ಕಲರ್ರೂ ಓಗಿದೆ. ಶಾರ್ಪ್ ಮಾಡ್ಕೊಡ್ಲಾ?”

“ಬೇಡ.”

“ದುಡ್ಡೇನೂ ಬೇಡ ಮೇಡಂ, ಎರಡ್ ನಿಮಿಷ.”

“ಬೇಡಪ್ಪ. ಹಾಗೇ ಕೊಡು.”

ಅವನು ನನ್ನನ್ನು ನೋಡಿದ ರೀತಿ ನೋಡಿದರೆ, ನನ್ನ ಕಣ್ಣಿಗೂ ಡಾಕ್ಟರು ಬೇಕು ಅಂತಿತ್ತು.

ದಾರಿಯುದ್ದಕ್ಕೂ ತಲೆಯಲ್ಲಿ ಅದೇ. ನಾವು ಮಾಡಿದ್ದು ಸುಳ್ಳಾ? ಅತ್ತೆಗೆ ಮೋಸ ಮಾಡಿದೆವು ಅನ್ನೋಣವೆಂದರೆ ಅರಿಶಿನ ಎಷ್ಟು ಅಂತ ಹೇಳಿದ್ದೇ ಅವರು. ನಿಜ ಅನ್ನೋಣವೆಂದರೆ ಮಾವನವರು ನಕ್ಕಿದ್ದು ಯಾವಾಗ? ಸಿಸ್ಟರ್ ಇದ್ದಿದ್ದರೆ ಏನನ್ನುತ್ತಿದ್ದರೋ.

ಹೊಸ ಪ್ರಿಂಟನ್ನು ಅದೇ ಮೊಳೆಗೆ ತೂಗು ಹಾಕಿದೆವು. ಅತ್ತೆ ಹಳೆ ಕಣ್ಣು ಮುಚ್ಚಿಕೊಂಡು, ಹೊಸ ಕಣ್ಣೊಂದರಲ್ಲೇ ಬಹಳ ಹೊತ್ತು ನೋಡಿದರು. ಹಳೆ ಫೋಟೋವನ್ನು ಬೀರುವಿಗೆ ಇಡಲು ಹೋದೆ. “ಉಸಾರು ಕಣವ್ವ. ಅವ್ರೂ ಅವ್ರೇ,” ಅಂದರು. ಆಮೇಲೆ ಕೂತು ಕಾಲು ನೀಡಿಕೊಂಡು, “ಡಾಕುಟ್ರಿಗೆ ಫೋನ್ ಮಾಡು. ಮಂಗ್ಳಾರ ಬತ್ತೀನಿ ಅಂತ ಹೇಳು.”

ಮಾಡಿದೆ. ಒಪ್ಪಿದ್ದಕ್ಕೆ ಖುಷಿಪಡಬೇಕಲ್ಲವಾ? ಪಟ್ಟೆ. ಆದರೂ ಅಡುಗೆಮನೆಗೆ ಹೋಗುವಾಗ, ಬರುವಾಗ ಆ ಫೋಟೋ ಕಡೆ ಕದ್ದು ನೋಡುತ್ತಲೇ ಇದ್ದೆ. ಒಂದು ಸಲ ನಗು ಕಾಣಿಸಿತು. ಇನ್ನೊಂದು ಸಲ ಇಲ್ಲ.

ಸಂಜೆ ಎದುರು ಮನೆಯ ಜಯಮ್ಮ ಲೋಟ ಹಿಡಿದುಕೊಂಡು ಒಂದು ಚಮಚ ಹೆಪ್ಪು ಕೇಳಲು ಬಂದರು. ಮಾವನವರು ನಮ್ಮ ಮನೆಗೆ ಬಂದಾಗಲೆಲ್ಲ ಮಾವನವರ ಕೈಲಿ ಬೈಸಿಕೊಂಡವರು ಈ ಜಯಮ್ಮ. ಮೊಸರು ಹಾಕಿಸಿಕೊಂಡು, ಚಪ್ಪಲಿಗೆ ಕಾಲು ತೂರಿಸುತ್ತಾ ಗೋಡೆಯ ಕಡೆ ಒಮ್ಮೆ ನೋಡಿದರು.

“ಇದ್ಯಾವಾಗ್ ತೆಗ್ಸಿದ್ರೀ? ಇವ್ರು ನಗ್ತಾನೂ ಇದ್ರಾ?”